ಧಾರವಾಡದ ಡ್ರೈವರ್ ಸೈಡ್

ಭಯವಾದರೆ ನನ್ನ ಬಾಯಿಂದ ಬೇರೆಯವರ ದನಿ ಬರುತ್ತದೆ. ಅದನ್ನು ಕಲೆ ಅಂತ ಬಹಳ ದಿನ ನಂಬಿಕೊಂಡಿದ್ದೆ. ಕಾಯಿಲೆ ಅಂತ ಕಂಡುಹಿಡಿದವಳು ಚಿಕ್ಕಮ್ಮ. ಅದೂ ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ವಾಪಸ್ ಬರುವ ದಾರಿಯಲ್ಲಿ, ಮಳೆಯಲ್ಲಿ, ನಮ್ಮ ಕಾರು ಬುಗುರಿಯ ಹಾಗೆ ತಿರುಗಿ ನಿಂತ ಮೇಲೆ.

ಆಗ ನಾನು ಕೆಲಸಕ್ಕೆ ಸೇರಿದ ಹೊಸತು. ಹ್ಯೂಸ್ಟನ್ನಿನ ಪಶ್ಚಿಮದಲ್ಲಿದ್ದ ಚಿಕ್ಕಮ್ಮನ ಮನೆಯ ಮಹಡಿ ಕೋಣೆಯಲ್ಲಿ ಬಿಡಾರ. ಚಿಕ್ಕಮ್ಮ ಮೈಸೂರಿನವಳು, ನನ್ನಮ್ಮನ ತಂಗಿ. ಚಿಕ್ಕಪ್ಪ ಧಾರವಾಡದವರು, ತೈಲ ಕಂಪನಿಗಳೇ ತುಂಬಿದ ಎನರ್ಜಿ ಕಾರಿಡಾರ್‌ನ ಒಂದು ಆಫೀಸಿನಲ್ಲಿ ಪಂಪ್ ಡಿಸೈನ್ ಮಾಡುವ ಎಂಜಿನಿಯರ್. ಅವರ ಹತ್ತಿರ ಅರವತ್ತರ ದಶಕದ ಒಂದು ಮಸಲ್ ಕಾರು ಇತ್ತು. ಎರಡೇ ಬಾಗಿಲು, ಎಂಟು ಸಿಲಿಂಡರ್, ಮೂತಿ ಉದ್ದ, ಬುದ್ಧಿ ಗಿಡ್ಡ. ಅದರ ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಗಳಿಗೇ ಹೋಗುತ್ತಿತ್ತು. ರಸ್ತೆ ಒಣಗಿದ್ದರೆ ಹುಲಿ. ಒದ್ದೆಯಾದರೆ ಸೋಪಿನ ಮೇಲೆ ಕಾಲಿಟ್ಟ ಹುಲಿ.

ಆವತ್ತು ಯುಗಾದಿ ಕಾರ್ಯಕ್ರಮ ಮುಗಿಸಿ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಉಳಿದ ಪುಳಿಯೋಗರೆಯ ಪಾತ್ರೆ. ಹಿಂದಿನ ಸೀಟಿಗೆ ಬಾಗಿಲಿಲ್ಲ ಎನ್ನುವುದು ಮಳೆ ಜೋರಾದ ಮೇಲೇ ನನ್ನ ಗಮನಕ್ಕೆ ಬಂದದ್ದು.

"ರೀ, ಸ್ವಲ್ಪ ನಿಧಾನ," ಅಂದಳು ಚಿಕ್ಕಮ್ಮ.

"ಏನೂ ಆಗಂಗಿಲ್ಲ. ಸುಮ್ನ ಕೂಡು," ಅಂದರು ಚಿಕ್ಕಪ್ಪ.

ಅಷ್ಟು ಹೇಳಿ ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಕಾಲನ್ನು ಒಂದಿಷ್ಟು ಒತ್ತಿದರು. ಹಿಂಭಾಗ ಬೇರೆ ಊರಿಗೆ ಹೊರಟಿತು. ಕಿಟಕಿಯಲ್ಲಿ ಹುಲ್ಲು, ಲಾರಿ, ಆಕಾಶ, ಮತ್ತೆ ಅದೇ ಲಾರಿ. ನಿಂತಾಗ ನಮ್ಮ ಮೂತಿ ಬಂದ ದಾರಿಗೇ ಮುಖಮಾಡಿತ್ತು. ಎದುರಿನಿಂದ ಬರುತ್ತಿದ್ದ ದೀಪಗಳು ಒಂದೊಂದಾಗಿ ಪಕ್ಕಕ್ಕೆ ಸರಿದು ಹೋಗುತ್ತಿದ್ದವು. ಆ ಹೊತ್ತಿನಲ್ಲಿ ನನ್ನ ಬಾಯಿಂದ ಕನ್ನಡ ಸಂಘದ ಕಾರ್ಯದರ್ಶಿಗಳ ದನಿ ಹೊರಟಿತು: "ಆತ್ಮೀಯರೇ, ಈಗ ಮುಂದಿನ ಕಾರ್ಯಕ್ರಮ..." ನಿಲ್ಲಿಸೋಣ ಅಂದರೆ ನಿಲ್ಲಲಿಲ್ಲ. ಪ್ರಾಯೋಜಕರಿಗೆ ವಂದನೆ ಸಲ್ಲಿಸುವವರೆಗೂ ಹೋಯಿತು.

ಚಿಕ್ಕಪ್ಪ ಹೇಗೋ ಕಾರನ್ನು ಹುಲ್ಲಿಗೆ ಇಳಿಸಿದರು. ಚಿಕ್ಕಮ್ಮ ಇಳಿದು ಮಳೆಯಲ್ಲೇ ನಿಂತಳು. ರೇಷ್ಮೆ ಸೀರೆಯ ತುಂಬ ಪುಳಿಯೋಗರೆ. ನನ್ನನ್ನೇ ನೋಡಿ, "ನಿನಗೆ ಭಯ ಆದಾಗ ಬೇರೆಯವರ ಹಿಂದೆ ಬಚ್ಚಿಟ್ಕೋತೀಯ," ಅಂದಳು. ಆಮೇಲೆ ಚಿಕ್ಕಪ್ಪನಿಗೆ, "ನಾನು ನಿಮ್ಮ ಪಕ್ಕದಲ್ಲಿ ಇನ್ನು ಕೂರಲ್ಲ," ಅಂದಳು. ಕೂಗಲಿಲ್ಲ. ಕೂಗಿದ್ದರೆ ನಮಗಿಬ್ಬರಿಗೂ ಇಷ್ಟು ಭಯವಾಗುತ್ತಿರಲಿಲ್ಲ.

ಹೇಳಿದ ಹಾಗೇ ನಡೆದುಕೊಂಡಳು. ಆ ಕಾರು ಬಿಡಿ, ಚಿಕ್ಕಪ್ಪ ಓಡಿಸಿದರೆ ಮನೆಯ ಸಾಧು ಸೆಡಾನನ್ನೂ ಹತ್ತಲಿಲ್ಲ. ತರಕಾರಿಗೆ, ದೇವಸ್ಥಾನಕ್ಕೆ, ಹಲ್ಲಿನ ಡಾಕ್ಟರಿಗೆ ಎಲ್ಲಕ್ಕೂ ನಾನೇ ಸಾರಥಿ. ಅವಳಿಗೂ ಲೈಸೆನ್ಸ್ ಇತ್ತು, ಆದರೆ ಲೈಬ್ರರಿ ದಾಟಿ ಓಡಿಸಿದವಳಲ್ಲ. ಕೆಲವು ಭಾನುವಾರ ಊರಾಚೆಯ ಫುಲ್‌ಶೀರ್ ಕಡೆ, ಮನೆಗಳಿನ್ನೂ ಏಳದ ಹೊಸ ಬಡಾವಣೆಗಳ ಖಾಲಿ ರಸ್ತೆಯಲ್ಲಿ, "ಕೊಡು ಇಲ್ಲಿ" ಅಂತ ನನ್ನ ಕಾರಿನ ಸ್ಟೀರಿಂಗ್ ಹಿಡಿಯುತ್ತಿದ್ದಳು. ಯಾಕೆ ಅಂತ ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ಚಿಕ್ಕಪ್ಪ ಸೊರಗಿದರು. ಮದುವೆಯಾದಾಗಿನಿಂದ ಭಾನುವಾರ ಸಂಜೆ ಇಬ್ಬರೂ ಸುಮ್ಮನೆ ಸುತ್ತಾಡಿ ಬರುವ ಅಭ್ಯಾಸವಂತೆ. ಈಗ ಒಬ್ಬರೇ ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬರುತ್ತಿದ್ದರು. ಒಂದು ದಿನ ಗರಾಜಿನಲ್ಲಿ ನನ್ನ ಹೆಗಲು ಹಿಡಿದುಕೊಂಡು, "ಹಿಂದಿಂದ ದೂಡಿದ್ರ ಗಾಡಿ ಹಿಂಗ ತಿರಗ್ತದಲೇ. ಮುಂದಿನ ಗಾಲೀನೂ ಎಳೀಬೇಕು. ನಾಕೂ ಗಾಲಿ ನೆಲಾ ಹಿಡದ್ವು ಅಂದ್ರ ಆಕಿ ಕೂಡ್ತಾಳ," ಅಂದರು. ಕಾರಿನ ಬಗ್ಗೆ ಹೇಳುತ್ತಿದ್ದಾರೋ ಸಂಸಾರದ ಬಗ್ಗೆಯೋ ತಿಳಿಯಲಿಲ್ಲ.

ಮಾರಿಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಚಿಕ್ಕಮ್ಮನೂ ಕೇಳಿದಳು. "ಗಾಡೀದೇನ್ ತಪ್ಪು?" ಅಂದರು ಚಿಕ್ಕಪ್ಪ. ಅವಳು ಉತ್ತರಕ್ಕೆ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು, ಸ್ವಲ್ಪ ಎತ್ತರದಿಂದ.

ಕೆಲಸ ಶುರುವಾಯಿತು. ಗೇರ್ ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಕೂರಿಸಿದರು. ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವುದು ಅದರ ಕೆಲಸ. ಮುಂದಕ್ಕೆ ಹೋಗುವ ರಾಡು ಆ ಪೆಟ್ಟಿಗೆಯ ಬಲಗಡೆಯಿಂದ ಹೊರಡುತ್ತಿತ್ತು. ಅದಕ್ಕೆ ಹೊಂದುವ ಮುಂದಿನ ಆಕ್ಸಲ್ ಬೇಕು. ಆಕ್ಸಲ್ ಅಂದರೆ ಎರಡು ಚಕ್ರಗಳ ನಡುವಿನ ಅಡ್ಡ ಕಬ್ಬಿಣ. ಅದರಲ್ಲೊಂದು ಗುಂಡನೆಯ ಉಬ್ಬು, ಹಲ್ಲುಚಕ್ರಗಳೆಲ್ಲ ಅದರೊಳಗೆ. ಇಲ್ಲಿನ ಮೆಕ್ಯಾನಿಕ್‌ಗಳೂ ಅದನ್ನು ಪಂಪ್ಕಿನ್, ಅಂದರೆ ಕುಂಬಳಕಾಯಿ ಅಂತಲೇ ಕರೆಯುವುದು ಕೇಳಿ ಚಿಕ್ಕಪ್ಪನಿಗೆ ಅರ್ಧ ಪೂಜೆ ಆಗಲೇ ಆದಷ್ಟು ಖುಷಿ. ನಮಗೆ ಬಲಗಡೆ ಕುಂಬಳಕಾಯಿ ಇರುವ ಆಕ್ಸಲ್ ಬೇಕಿತ್ತು.

ಡ್ಯಾಲಸ್‌ನ ಒಂದು ಗುಜರಿ ಅಂಗಡಿಗೆ ಫೋನ್ ಮಾಡಿದರು. ಆಕಡೆಯವನಿಗೆ ಅರ್ಥವಾಗಲೆಂದು "ಡ್ರೈವರ್ ಸೈಡ್, ಡ್ರೈವರ್ ಸೈಡ್" ಅಂತ ಬಿಡಿಸಿ ಬಿಡಿಸಿ ಹೇಳಿದರು. ಊಟದ ಹೊತ್ತಿಗೆ ಇಬ್ಬರ ದನಿಯನ್ನೂ ನಾನು ಚಿಕ್ಕಮ್ಮನಿಗೆ ಮಾಡಿ ತೋರಿಸಿದೆ. ಮಳೆಯ ದಿನದ ನಂತರ ಅವಳು ನಕ್ಕದ್ದು ಅದೇ ಮೊದಲು. ನಕ್ಕಳಲ್ಲ ಎಂಬ ಖುಷಿಯಲ್ಲಿ ನಾವ್ಯಾರೂ ಮಾತಿನ ಅರ್ಥದ ಕಡೆ ಗಮನ ಕೊಡಲಿಲ್ಲ.

ಆಕ್ಸಲ್ ಬಂತು. ಕುಂಬಳಕಾಯಿ ಎಡಗಡೆ ಇತ್ತು.

"ಮಂಗ್ಯಾ, ಉಲ್ಟಾ ಕಳಿಸ್ಯಾನ," ಅಂದರು ಚಿಕ್ಕಪ್ಪ. ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆಮೇಲೆ ನಾವಿಬ್ಬರೂ ಸೇರಿ ಅದನ್ನು ದೋಸೆಯ ಹಾಗೆ ಮಗುಚಿ ಹಾಕಿದೆವು. ತಲೆಕೆಳಗಾದ ಮೇಲೆ ಕುಂಬಳಕಾಯಿ ಸರಿಯಾಗಿ ಬಲಗಡೆಗೆ ಬಂತು. ಜೊತೆಗೇ ತಲೆಕೆಳಗಾದ ಸ್ಟೀರಿಂಗಿನ ತುಂಡುಗಳನ್ನು ಕಡಿದು ನೆಟ್ಟಗೆ ಬೆಸೆದು, "ನೋಡಿದ್ಯಾ? ವಾಪಸ್ ಕಳಸೂ ಕೆಲಸನಽ ಇಲ್ಲ," ಅಂದರು.

ಆ ವಾರಗಳಲ್ಲಿ ನಾನು ಕಳೆದದ್ದೆಲ್ಲ ಕಾರಿನ ಕೆಳಗೆ, ರಟ್ಟಿನ ಮೇಲೆ ಅಂಗಾತ ಮಲಗಿ. ಮೂಗಿನಿಂದ ಒಂದು ಗೇಣು ಮೇಲೆ ಎಂಜಿನ್. ಅದನ್ನು ಹೊತ್ತು ನಿಂತದ್ದು ಕಬ್ಬಿಣದ ಸ್ಟ್ಯಾಂಡುಗಳು, ಅವು ನೋಡಲು ನಮ್ಮ ಅಜ್ಜಿಯ ಕಾಲಿನಷ್ಟೇ ಸಣ್ಣ. ಎಲ್ಲೋ ಒಂದು ಕಬ್ಬಿಣ ಕಿರ್ ಅಂದರೆ ನನ್ನೊಳಗಿಂದ ದೇವಸ್ಥಾನದ ಭಟ್ಟರು ಮಂತ್ರ ಶುರುಮಾಡುತ್ತಿದ್ದರು.

"ಯಾರಲೇ ಅಲ್ಲೆ ಮಾತಾಡಾಕತ್ತಾರ?" ಅನ್ನುತ್ತಿದ್ದರು ಚಿಕ್ಕಪ್ಪ.

"ಭಟ್ಟರು."

"ಅವರಿಗೆ ಹದಿನೆಂಟರ ಸ್ಪ್ಯಾನರ್ ಕೊಡಾಕ ಹೇಳು."

ಪೂಜೆಗೆ ಒಂದು ಭಾನುವಾರ ಗೊತ್ತಾಯಿತು. ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ತಿರುಗಿಸಿ ನೋಡಿದ್ದೆವು. ಮುಂದಕ್ಕೆ ಹೋಗುವ ರಾಡು ಕೂಡಿಸುವುದೊಂದೇ ಬಾಕಿ. ಅದರ ಬೋಲ್ಟುಗಳು ಬಿಗಿಯುವ ಹೊತ್ತಿಗೆ ಚಿಕ್ಕಮ್ಮ ಬಾಗಿಲಲ್ಲಿ ಬಂದು ನಿಂತು, "ರಾಹುಕಾಲ ಶುರುವಾಗತ್ತೆ, ಬೇಗ," ಅಂದಳು. ಬೆಂಗಳೂರಿನ ರಾಹುವೋ ಹ್ಯೂಸ್ಟನ್ನಿನ ರಾಹುವೋ ಅಂತ ಕೇಳಿದೆ. ಇಬ್ಬರೂ ನಗಲಿಲ್ಲ. ಕಾರನ್ನು ಕೆಳಗಿಳಿಸಿ, ಹಂಚುವ ಪೆಟ್ಟಿಗೆಯನ್ನು ನ್ಯೂಟ್ರಲ್ಲಿಗಿಟ್ಟು, ಮನೆ ಮುಂದಿನ ಡ್ರೈವ್‌ವೇ ತನಕ ಕೈಯಿಂದಲೇ ತಳ್ಳಿ, ರಸ್ತೆಗೆ ಮುಖಮಾಡಿ ನಿಲ್ಲಿಸಿದೆವು. ಮುಂದಿನ ಚಕ್ರಗಳನ್ನು ಎಂಜಿನ್ ತಿರುಗಿಸಿದ್ದನ್ನು ಯಾರೂ ನೋಡಿರಲಿಲ್ಲ.

ಬಾನೆಟ್ಟಿಗೆ ಅರಿಶಿನ ಕುಂಕುಮ, ಹಾರ. ಒಂದೊಂದು ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು. ಕಾರು ಮುಂದೆ ಹೋಗಬೇಕು, ನಾಲ್ಕೂ ಅಪ್ಪಚ್ಚಿಯಾಗಬೇಕು, ದೃಷ್ಟಿ ಕಳೆಯಬೇಕು.

"ಬಾ, ಕೂಡು," ಅಂದರು ಚಿಕ್ಕಪ್ಪ, ಚಿಕ್ಕಮ್ಮನಿಗೆ. ಅವರ ದನಿ ಮದುವೆ ಗಂಡಿನ ದನಿಯಂತಿತ್ತು.

"ಮೊದಲು ಇವನು ಕೂರಲಿ," ಅಂದಳು ಚಿಕ್ಕಮ್ಮ. "ನಿಂಬೆಹಣ್ಣು ನೋಡಿಕೊಂಡು ನಾನು ಹತ್ತುತೀನಿ."

ಮನೆಯಲ್ಲಿ ಉಪ್ಪು ನೋಡಲು ಸಾರನ್ನು ಮೊದಲು ನನ್ನ ಕೈಗೇ ಹಾಕುತ್ತಿದ್ದಳು. ಇದೂ ಅಷ್ಟೇ ಅಂದುಕೊಂಡು ಹತ್ತಿದೆ. ಬೆಲ್ಟ್ ಎಳೆದುಕೊಂಡೆ. ಅವಳು ಆರತಿ ತಟ್ಟೆ ಹಿಡಿದು ಕಾರಿನ ನೇರ ಎದುರಿಗೆ ನಿಂತಳು.

ಚಿಕ್ಕಪ್ಪ ನಾಲ್ಕೂ ಚಕ್ರ ಕೂಡಿಸಿ, ಗೇರ್ ಹಾಕಿ ಮೆಲ್ಲಗೆ ಒತ್ತಿದರು. ಕಾರು ಹೋಗಲಿಲ್ಲ. ನರಳಿತು. ಇನ್ನೊಂದಿಷ್ಟು ಒತ್ತಿದರು. ಮುಂಭಾಗ ಕುಪ್ಪಳಿಸತೊಡಗಿತು, ರಬ್ಬರು ಸುಟ್ಟ ವಾಸನೆ ಬಂತು, ನನ್ನ ಪಾದದ ಕೆಳಗಿನ ತಗಡು ಹಲ್ಲು ಕಡಿದ ಹಾಗೆ ನಡುಗಿತು. ಮುಂದಿನ ಎಡಚಕ್ರದ ಹತ್ತಿರದಿಂದ ಒಂದು ನಿಂಬೆಹಣ್ಣು ಮೇಲಕ್ಕೆ ಚಿಮ್ಮಿ ಹೋಯಿತು. ಅದನ್ನೇ ನೋಡುತ್ತಿದ್ದೆ, ಕೆಳಗೆ ಢಂ ಅಂತು. ಏನೋ ಮುರಿಯಿತು. ಹಿಡಿದಿಟ್ಟ ಎಮ್ಮೆಯ ಹಗ್ಗ ಕಡಿದಂತೆ ಕಾರು ಒಮ್ಮೆಗೇ ಮುಂದಕ್ಕೆ, ಚಿಕ್ಕಮ್ಮನ ಕಡೆಗೆ ಹಾರಿತು.

ನನ್ನ ಗಂಟಲಲ್ಲಿ ಎಷ್ಟು ಜನ ಇದ್ದರೋ ಎಲ್ಲರೂ ಓಡಿಹೋದರು. ಕಾರ್ಯದರ್ಶಿಗಳಿಲ್ಲ, ಭಟ್ಟರಿಲ್ಲ. "ಅಮ್ಮಾ" ಅಂತ ನನ್ನದೇ ದನಿ ಬಂತು, ಪೀಚು ದನಿ. ಅಷ್ಟು ಚಿಕ್ಕದು ಅಂತ ನನಗೇ ಗೊತ್ತಿರಲಿಲ್ಲ.

ಚಿಕ್ಕಪ್ಪ ಬ್ರೇಕಿನ ಮೇಲೆ ಎದ್ದು ನಿಂತಿದ್ದರು. ಕಾರು ನಿಂತಾಗ ಬಾನೆಟ್ಟಿನ ಹಾರ ಆರತಿ ತಟ್ಟೆಗೆ ತಾಗುತ್ತಿತ್ತು. ಚಿಕ್ಕಮ್ಮ ಕದಲಿರಲಿಲ್ಲ. ಧೈರ್ಯವಲ್ಲ, ಕಾಲು ಬರಲಿಲ್ಲ ಅಂತ ಆಮೇಲೆ ಹೇಳಿದಳು. ಆರತಿ ಮಾತ್ರ ಆರಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಬಗ್ಗಿ ನೋಡಿದಳು. "ರೀ, ಹಿಂದಿನ ಎರಡು ನಿಂಬೆಹಣ್ಣು ಅಪ್ಪಚ್ಚಿ ಆಗಿವೆ. ಮುಂದಿನವು ಹಾಗೇ ಇವೆ, ಮೇಲಕ್ಕೆ ಹಾರಿದ್ವು. ಮುಂದಿನ ಚಕ್ರ ಹಿಂದಕ್ಕೆ ತಿರುಗಿದೆ."

ಚಿಕ್ಕಪ್ಪ ಇಳಿದು ಗರಾಜಿನ ಮೆಟ್ಟಿಲ ಮೇಲೆ ಕೂತರು. ಒಂದು ಕೈಯನ್ನು ಅಂಗೈ ಮೇಲೆ ಮಾಡಿ, ಮಗುಚಿ, ಮತ್ತೆ ಮಗುಚಿ ನೋಡಿದರು. "ಆಕ್ಸಲ್ ಮಗುಚಿದ್ನಲಾ," ಅಂದರು. "ಮಗುಚಿದ್ರ ಗಾಲಿ ಉಲ್ಟಾ ತಿರಗ್ತಾವ. ಮುಂದಿನವು ಹಿಂದ ಎಳದ್ವು, ಹಿಂದಿನವು ಮುಂದ ದೂಡಿದ್ವು, ನಡುವಿನ ರಾಡು ಮುರೀತು."

"ಯಾಕೆ ಮಗುಚಿದ್ರಿ?"

"ಬಲಗಡೀದು ಬೇಕಾಗಿತ್ತು. ಅವಾ ಎಡಗಡೀದು ಕಳಿಸಿದ."

"ನೀವು ಏನು ಹೇಳಿದ್ರಿ ಅವನಿಗೆ?"

"ಡ್ರೈವರ್ ಸೈಡ್ ಅಂದೆ."

ಚಿಕ್ಕಮ್ಮ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ಇಲ್ಲಿ ಡ್ರೈವರ್ ಎಡಗಡೆ ಕೂರ್ತಾನೆ ರೀ. ಇಷ್ಟು ವರ್ಷದಿಂದ ನೀವೂ ಎಡಗಡೆನೇ ಕೂತು ಓಡಿಸ್ತಿದ್ದೀರ."

"ಖರೆ. ಬಾಯಾಗ ಮಾತ್ರ ಧಾರವಾಡದ್ದು ಬಂತು."

ಈ ಸಂಭಾಷಣೆಯನ್ನು ನಾನು ಎಷ್ಟೋ ಮನೆಗಳಲ್ಲಿ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆವತ್ತು ಮಾತ್ರ ತಟ್ಟೆ ಹಿಡಿದು ನಿಂತಿದ್ದೆ, ಕರ್ಪೂರದ ಬಿಸಿ ಬೆರಳಿಗೆ ಬಡಿದರೂ ಇಳಿಸಲು ತೋಚಲಿಲ್ಲ. ಚಿಕ್ಕಪ್ಪ ಎದ್ದು ಒಳಗೆ ಹೋಗುವಾಗ ಅವಳ ಮುಖ ನೋಡಲಿಲ್ಲ. "ಇದನ್ನ ಕೊಟ್ಟುಬಿಡ್ತೀನಿ," ಅಂದರು.

"ಬೇಡ," ಅಂದಳು ಚಿಕ್ಕಮ್ಮ. "ಸರಿ ಮಾಡಿ."

ಸರಿಯಾದ ಆಕ್ಸಲ್ ತರಿಸುವಾಗ ಫೋನಿನಲ್ಲಿ ಮಾತಾಡಿದವಳು ಅವಳೇ. ಪ್ಯಾಸೆಂಜರ್ ಸೈಡ್ ಅಂದಳು, ಅವನಿಂದಲೂ ಹೇಳಿಸಿದಳು. ಈ ಸಲ ನಾಲ್ಕೂ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆ ಅವಳ ಕಣ್ಣೆದುರಿಗೇ ತಿರುಗಿಸಿ ಆಯಿತು. ನಾಲ್ಕೂ ನಿಂಬೆಹಣ್ಣು ಅಪ್ಪಚ್ಚಿಯಾದವು. ಅವಳು ಪಕ್ಕದಲ್ಲಿ ನಿಂತು ನೋಡಿದಳು, ಎದುರಿಗಲ್ಲ. ಆದರೂ ಕಾರು ಹತ್ತಲಿಲ್ಲ. ಚಿಕ್ಕಪ್ಪ ಕೇಳಲೂ ಇಲ್ಲ. ಕೇಳಿದರೆ ಇಲ್ಲ ಅಂದುಬಿಟ್ಟಾಳು ಅನ್ನುವ ಹೆದರಿಕೆ ಅವರ ಮುಖದಲ್ಲಿ ಕಾಣುತ್ತಿತ್ತು.

ನವೆಂಬರಿನಲ್ಲಿ ಆಸ್ಟಿನ್‌ನಲ್ಲಿ ರಾಜ್ಯೋತ್ಸವ. ಬೆಳಿಗ್ಗೆಯಿಂದ ಮಳೆ. ನಾನು ನನ್ನ ಕಾರಿನ ಕೀ ಹುಡುಕುತ್ತಿದ್ದಾಗ ಚಿಕ್ಕಮ್ಮ ಗರಾಜಿಗೆ ಹೋದವಳು ಆ ಕಾರಿನ ಪಕ್ಕ ನಿಂತು ಚಿಕ್ಕಪ್ಪನ ಮುಂದೆ ಕೈ ಚಾಚಿದಳು.

"ಕೀ ಕೊಡಿ."

"ಮಳಿ ಅದ," ಅಂದರು ಚಿಕ್ಕಪ್ಪ.

"ಗೊತ್ತು. ಸುಮ್ಮನೆ ಕೂತು ನೋಡೋದು ನನ್ನ ಕೈಲಾಗಲ್ಲ. ನೀವು ಡ್ರೈವರ್ ಸೈಡಲ್ಲಿ ಕೂತ್ಕೊಳ್ಳಿ. ನಿಮ್ಮ ಧಾರವಾಡದ ಡ್ರೈವರ್ ಸೈಡು."

ಅವರು ಕೀ ಕೊಟ್ಟು, ಬಲಗಡೆಗೆ ಹೋಗಿ ಕೂತು ಬೆಲ್ಟ್ ಹಾಕಿಕೊಂಡರು. ನಾನು ಹಿಂದೆ, ಬಾಗಿಲಿಲ್ಲದ ಜಾಗದಲ್ಲಿ, ತೊಡೆಯ ಮೇಲೆ ಪುಳಿಯೋಗರೆ. ಈ ಸಲ ಮುಚ್ಚಳವನ್ನು ಟವೆಲ್ಲಿನಿಂದ ಕಟ್ಟಿದ್ದೆ.

ಹೆದ್ದಾರಿಯಲ್ಲಿ ಲಾರಿಗಳು ಪಕ್ಕದಿಂದ ಹೋಗುವಾಗ ಗಾಜಿನ ಮೇಲೆ ಬಕೆಟ್ಟುಗಟ್ಟಲೆ ನೀರು. ಒಂದು ಕ್ಷಣ ಏನೂ ಕಾಣದು, ಮತ್ತೆ ಕಾಣುವುದು. ಚಿಕ್ಕಪ್ಪನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ನನ್ನ ಬಾಯಿಂದ ಯಾರ ದನಿಯೂ ಬರುತ್ತಿರಲಿಲ್ಲ. ಹೆದ್ದಾರಿಯಿಂದ ಇಳಿಯುವ ತಿರುವು ಬಂತು. ಹಿಂಭಾಗ ಒಂದು ಕೂದಲೆಳೆಯಷ್ಟು ಜಾರಿದಂತಾಯಿತು, ಕೂಡಲೇ ಮುಂದಿನ ಚಕ್ರಗಳು ನೆಲ ಕಚ್ಚಿ ಮೂತಿಯನ್ನು ಎಳೆದುಕೊಂಡವು.

"ಸ್ವಲ್ಪ ಸಾವಕಾಶ..." ಅಂದರು ಚಿಕ್ಕಪ್ಪ.

"ಏನೂ ಆಗಂಗಿಲ್ಲ. ಸುಮ್ನ ಕೂಡ್ರಿ," ಅಂದಳು ಮೈಸೂರಿನ ಚಿಕ್ಕಮ್ಮ, ಅಪ್ಪಟ ಧಾರವಾಡದ ದನಿಯಲ್ಲಿ.

ಚಿಕ್ಕಪ್ಪ ನಕ್ಕುಬಿಟ್ಟರು. ಅವಳಿಗೆ ಎಷ್ಟು ಭಯವಾಗಿದೆ ಎಂದು ಗೊತ್ತಾದದ್ದು ಆ ಕಾರಿನಲ್ಲಿ ನನಗೊಬ್ಬನಿಗೇ. ನಾನು ಮುಚ್ಚಳದ ಗಂಟನ್ನು ಇನ್ನೊಂದು ಸುತ್ತು ಬಿಗಿದೆ.