ಕತ್ತಲೆ ಕಾಯುವ ಯಾಂಗ್ಡೊಲ್

ಯಾಂಗ್ಡೊಲ್‌ಳ ಕೆಲಸ ಕತ್ತಲೆ ಕಾಯುವುದು. ಚಾಂಗ್‌ಥಾಂಗ್ ಎಂಬ ಎತ್ತರದ ಶೀತಬಯಲಿನ ಆ ಊರಿಗೆ ನಕ್ಷತ್ರ ನೋಡಲು ಜನ ಬರತೊಡಗಿದ ಮೇಲೆ ಅವಳು ದೂರದರ್ಶಕ ತಿರುಗಿಸಲು ಕಲಿತಳು, ಮನೆಮನೆಗೆ ಹೋಗಿ ಕಿಟಕಿಗೆ ಕಪ್ಪು ಪರದೆ ಕಟ್ಟಿಸಿದಳು. ಹುಣ್ಣಿಮೆಯ ಆಸುಪಾಸಿನಲ್ಲಿ ಅಂಗಳದ ಬಲ್ಬು ಉರಿಯಬಹುದು. ಚಂದ್ರನ ಬೆಳಕಿಗೆ ಚುಕ್ಕಿಗಳು ಹೇಗೂ ಮಂಕು, ಅತಿಥಿಗಳು ಬರುವುದಿಲ್ಲ. ಅಮಾವಾಸ್ಯೆ ಹತ್ತಿರವಾಯಿತೋ, ಆರಿಸಬೇಕು. ಬೇಡದಾಗ ದೀಪ, ಬೇಕಾದಾಗ ಕತ್ತಲೆ. ಪಟ್ಟಣದಿಂದ ಇಂಥ ನಿಯಮ ಬರೆದು ಕಳಿಸಿದ ಅಧಿಕಾರಿಗಳ ಮನೆಯ ಮೆಟ್ಟಿಲಿಗೆಲ್ಲ ದೀಪವಿದೆ.

"ಕರೆಂಟು ಕಂಡಿದ್ದೇ ಅರವತ್ತು ದಾಟಿದ ಮೇಲೆ," ಎಂದು ಅತ್ತೆ ದಿಸ್ಕಿತ್ ಗೊಣಗಿದ್ದಳು. "ಹತ್ತು ವರ್ಷನಾದ್ರೂ ನೋಡೋಕೆ ಬಿಡಬಾರ್ದಾ?"

"ಬೆಳಕಿದ್ರೆ ನಕ್ಷತ್ರ ಕಾಣಲ್ಲ, ಅಮಾ-ಲೆ."

"ನಂಗೆ ಮೆಟ್ಟಿಲೇ ಕಾಣಲ್ಲ ಕಣೇ."

ಆ ಅಮಾವಾಸ್ಯೆ ಅಂಗಳದಾಚೆ ನಾಲ್ವರು ಅತಿಥಿಗಳಿದ್ದರು. ಒಬ್ಬ ಚುಕ್ಕಿಗಳ ಮಂದ ಬೆಳಕು ಹಿಡಿಯಲು ಮನೆಯತ್ತ ಕ್ಯಾಮೆರಾ ತೆರೆದಿಟ್ಟು ಗಂಟೆಯಾಗಿತ್ತು. ಶೌಚಕ್ಕೆ ಹೊರಟ ದಿಸ್ಕಿತ್ ಹಿಮ ಕೂತಿದ್ದ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಸದ್ದಿಗೆ ಯಾಂಗ್ಡೊಲ್ ಓಡಿದಳು.

"ಮೇಡಂ, ಬಿಳಿ ಲೈಟ್ ಹಾಕ್ಬೇಡಿ," ಕ್ಯಾಮೆರಾದವ ಕೂಗಿದ. "ಇಷ್ಟೊತ್ತು ಕಾದಿದ್ದೆಲ್ಲ ಹಾಳಾಗತ್ತೆ."

ಹೇಳಬೇಕಾಗಿರಲಿಲ್ಲ. ಕತ್ತಲೆಗೆ ಪಳಗಿದ ಕಣ್ಣು ಕೆಡದಿರಲೆಂದು ಈ ಕೆಲಸದವರೆಲ್ಲ ಹಿಡಿಯುವ ಕೆಂಪು ಟಾರ್ಚೇ ಅವಳ ಕೈಯಲ್ಲಿತ್ತು. ಅತ್ತೆಯನ್ನು ಎಬ್ಬಿಸಿ ಒಳಗೆ ಮಲಗಿಸಿ, ತಲೆ ತಡವಿದಳು. ಕೆಂಪು ಬೆಳಕಲ್ಲಿ ಎಲ್ಲವೂ ಒಂದೇ ಬಣ್ಣ. ಉಣ್ಣೆ ಟೊಪ್ಪಿ ಒದ್ದೆಯಾಗಿತ್ತು, ಹಿಮ ಅಂದುಕೊಂಡಳು. ಒಳಗಿನ ದೀಪ ಹಾಕಬಹುದಿತ್ತು. ಹಾಕಿದರೆ ತನ್ನ ಕಣ್ಣು ಮತ್ತೆ ಕತ್ತಲೆಗೆ ಹೊಂದಲು ಅರ್ಧ ಗಂಟೆ ಬೇಕು. ಹೊರಗೆ ಅತಿಥಿಗಳು ಚಳಿಯಲ್ಲಿ ಕಾಯುತ್ತಿದ್ದರು.

"ನೋವಿದ್ಯಾ?"

"ಹೋಗೇ, ನಿನ್ನ ನಕ್ಷತ್ರ ಮುಳುಗಿಹೋಗ್ತಾವೆ."

ಹೋದಳು.

ಬೆಳಿಗ್ಗೆ ಪರದೆ ಸರಿಸಿದಾಗ ದಿಂಬಿನ ತುಂಬ ರಕ್ತ ಹೆಪ್ಪುಗಟ್ಟಿತ್ತು. ದಿಸ್ಕಿತ್ ತಣ್ಣಗಾಗಿದ್ದಳು. "ವಯಸ್ಸಾಗಿತ್ತು ಬಿಡು," ಅಂದರು ಊರವರು. ದೀಪ ಹಾಕದೆ ಎದ್ದುಹೋದದ್ದನ್ನು ಯಾಂಗ್ಡೊಲ್ ಯಾರಿಗೂ ಹೇಳಲಿಲ್ಲ.

ಏಳನೆಯ ದಿನ ಕ್ಯಾಮೆರಾದವನಿಂದ ಫೋನಿಗೆ ಚಿತ್ರ ಬಂತು. ಅವಳ ಮನೆಯ ಮೇಲೆ ಆಕಾಶಗಂಗೆ ಚೆಲ್ಲಿಕೊಂಡಿತ್ತು. ಕೆಳಗೆ, ಮೆಟ್ಟಿಲಿನಿಂದ ಬಾಗಿಲವರೆಗೆ, ಒಂದು ಸಣ್ಣ ಕೆಂಪು ಗೆರೆ. "ಅದು ನಿಮ್ಮ ಟಾರ್ಚು," ಎಂದು ಬರೆದಿದ್ದ. "ಚಿಂತೆ ಮಾಡ್ಬೇಡಿ, ಅಳಿಸಿಬಿಡ್ತೀನಿ."

ಅಳಿಸಬೇಡಿ ಎಂದು ಬರೆಯಲು ಕೂತಳು. ಯಾಕೆ ಎಂದು ಅವನು ಕೇಳಿದರೆ ಹೇಳಬೇಕಾದೀತು. ಬರೆಯಲಿಲ್ಲ.