ಮುನಿರಾಜಣ್ಣನ ಭಾನುವಾರ

ಮೂಕಂಡಪಲ್ಲಿಯ ನಮ್ಮ ಬೀದಿಯಲ್ಲಿ ಮಂಗಳವಾರವೇ ಭಾನುವಾರದ ಕೋಳಿ ತಂದುಬಿಡುವ ಮನುಷ್ಯರೆಂದರೆ ನನ್ನ ಪಕ್ಕದ ಮನೆಯ ಮುನಿರಾಜಣ್ಣ ಒಬ್ಬರೇ. ಫ್ಯಾಕ್ಟರಿಯಲ್ಲಿ ಇದ್ದಷ್ಟು ಕಾಲ ಶಿಫ್ಟು ನೋಡಿಕೊಂಡೇ ವಾರದ ಗುರುತು ಇಟ್ಟವರು. ರಿಟೈರಾದ ಮೇಲೆ ವಾರಗಳೆಲ್ಲ ಕಲಸಿಹೋದವು. ಭಾನುವಾರ ಬ್ಯಾಂಕಿನ ಮುಂದೆ ನಿಂತು, "ಇಷ್ಟೊತ್ತಾದ್ರೂ ಬಾಗ್ಲು ತೆಗ್ದಿಲ್ವಲ್ಲಾ!" ಎಂದು ಬೈದು ಬರುವರು. ನಾವು ನಕ್ಕರೆ ಬೇಸರವೇ ಇಲ್ಲ.

"ವಾರ ಅನ್ನೋದು ಕಂಪ್ನಿಯೋರ್ದು ಕಣ್ಲಾ. ಯೂನಿಫಾರಂ ಜೊತೆ ಅದನ್ನೂ ವಾಪಸ್ ಕೊಟ್ಬುಟ್ಟೆ."

ಮಂಡ್ಯದ ಕಡೆಯಿಂದ ಕೆಲಸಕ್ಕೆಂದು ಬಂದು ಒಬ್ಬನೇ ರೂಮು ಮಾಡಿಕೊಂಡಿದ್ದ ನನ್ನನ್ನು ಮಗನ ಹಾಗೆ ನೋಡಿಕೊಂಡವರು ಅವರು, ಅವರ ಹೆಂಡತಿ ರತ್ನಕ್ಕ.

ಮುನಿರಾಜಣ್ಣನ ಹುಟ್ಟೂರು, ಕಾಡಂಚಿನ ಜವಳಗಿರಿಯಲ್ಲಿ ಅವರ ತಂಗಿ ಯಶೋದಮ್ಮನ ಹೊಸ ಮನೆಯ ಗೃಹಪ್ರವೇಶ. ರತ್ನಕ್ಕ ಅಡುಗೆಯ ಸಹಾಯಕ್ಕೆ ಮೊದಲೇ ಹೋಗಿದ್ದರು. ಬೆಳಕು ಹರಿಯುವ ಮುಂಚೆ ರೇಷ್ಮೆ ಪಂಚೆ ಉಟ್ಟು ಮುನಿರಾಜಣ್ಣ ನನ್ನ ಬಾಗಿಲು ಬಡಿದರು.

"ಎದ್ದೇಳ್ಲಾ, ಭಾನುವಾರ! ಮುಹೂರ್ತ ಮೀರ್ತದೆ!"

ನನಗೂ ಆ ವಾರ ರಜೆ. ಯೋಚಿಸದೆ ಬೈಕು ತೆಗೆದೆ. ಹೋಗಿ ನೋಡಿದರೆ ಚಪ್ಪರ ಇನ್ನೂ ಕಟ್ಟುತ್ತಿದ್ದಾರೆ!

"ನಾಳೆ ಕಣಣ್ಣೋ! ಇವತ್ತು ಶನಿವಾರ!" ಎಂದರು ಯಶೋದಮ್ಮ.

"ಅವ್ರಿಗಂತೂ ಗೊತ್ತಾಗಲ್ಲ, ನಿಂಗೇನಾಗಿತ್ತಪ್ಪಾ?" ಎಂದು ರತ್ನಕ್ಕ ನನ್ನನ್ನೇ ಗದರಿದರು.

ಮುನಿರಾಜಣ್ಣ ಮಾತ್ರ, "ಒಂದಿನ ಬೋನಸ್ಸು!" ಎಂದು ಹಿಗ್ಗಿ, ಪಂಚೆ ಎತ್ತಿ ಕಟ್ಟಿ, ಚಪ್ಪರಕ್ಕೆ ಬಾಳೆಕಂಬ ನಿಲ್ಲಿಸಲು ಹೊರಟರು.

ಹೊತ್ತು ಮುಳುಗುವಾಗ ಹೊಲದ ಕಡೆಯಿಂದ ತಮಿಳು, ಕನ್ನಡ ಎರಡರಲ್ಲೂ ಕೂಗೆದ್ದಿತು: "ಯಾನೆ ವರುದು! ಆನೆ ಬತ್ತೈತೆ!"

ಒಂಟಿ ಸಲಗ. ಹಸಿ ಬಾಳೆಯ ವಾಸನೆ ಹಿಡಿದು ನೇರ ಚಪ್ಪರಕ್ಕೇ ಬರುತ್ತಿದೆ. ಜನ ಪಕ್ಕದಲ್ಲಿದ್ದ, ಅಣ್ಣ ತಂಗಿ ಹುಟ್ಟಿ ಬೆಳೆದ ಹಳೆಯ ಶೀಟಿನ ಮನೆಗೆ ನುಗ್ಗತೊಡಗಿದರು. ಮುನಿರಾಜಣ್ಣ ಆನೆಗಳ ನಡುವೆಯೇ ಹುಟ್ಟಿ ಬೆಳೆದವರು. "ಅಲ್ಲಿ ಬ್ಯಾಡ, ಒಂದು ಗುದ್ದಿಗೆ ಬಿದ್ದೋಯ್ತದೆ! ಹೊಸ ಮನೆ ಒಳಕ್ಕೆ ನಡೀರಿ!" ಎಂದು ಅರಚಿದರು.

ಯಶೋದಮ್ಮ ಹೊಸ್ತಿಲಿಗೆ ಅಡ್ಡ ನಿಂತರು. "ಪೂಜೆ ಆಗಿಲ್ಲ ಅಣ್ಣಾ, ಹಾಲು ಉಕ್ಕಿಸಿಲ್ಲ. ಭಾನುವಾರ ನಾಳೆ!"

"ನಂಗೆ ಇವತ್ತೇ ಭಾನುವಾರ ಕಣಮ್ಮಿ! ನಡಿ!"

ತಂಗಿಯ ಕೈ ಹಿಡಿದು ಒಳಗೆಳೆದೇಬಿಟ್ಟರು. ಹಿಂದೆಯೇ ನಾವೆಲ್ಲ. ಬಾಗಿಲು ಹಾಕಿ ಕಿಟಕಿಯ ಸಂದಿಯಿಂದ ನೋಡಿದೆವು. ಸಲಗ ಬಾಳೆಕಂಬಗಳನ್ನು ಸಾವಕಾಶವಾಗಿ ಸಿಗಿದು ತಿಂದಿತು. ಹೋಗುವಾಗ ಶೀಟಿನ ಮನೆಗೆ ಒಮ್ಮೆ ಮೈ ಉಜ್ಜಿತು. ಅರ್ಧ ಗೋಡೆ ದಬದಬನೆ ಕುಸಿಯಿತು. ಕತ್ತಲಲ್ಲಿ ಯಶೋದಮ್ಮ ಅಣ್ಣನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಬೆಳಿಗ್ಗೆ ಬಂದ ಪುರೋಹಿತರು ಎಲ್ಲ ಕೇಳಿ ನಕ್ಕರು. "ಗಣಪತಿಯೇ ಬಂದು ಹೋಗವ್ನೆ, ಇನ್ನೇನು ದೋಷ? ಹಾಲಿಡ್ರಮ್ಮಾ."

ಆಮೇಲೆ ಮುನಿರಾಜಣ್ಣನಿಗೆ ಪೇಟೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಹಳೆಯ ಮನೆಯ ಬಿದ್ದ ಗೋಡೆ ಕಟ್ಟಿಸಿಕೊಂಡು ಅಲ್ಲೇ ಇರುತ್ತೇನೆಂದು ರತ್ನಕ್ಕನ ಜೊತೆ ಹೊರಟರು. ಟೆಂಪೋದ ಹಿಂದೆ ಮಂಚದ ಮೇಲೆ ಮದುವಣಿಗನಂತೆ ಕೂತು, ಬೀದಿಯವರನ್ನೆಲ್ಲ ಹೆಸರು ಹಿಡಿದು ಕೂಗಿ ಕರೆಯುತ್ತಿದ್ದರು. ಸಾಮಾನಿಗೆ ಹಗ್ಗ ಬಿಗಿದು ನಾನು ಕೆಳಗಿಳಿದಾಗ ನನ್ನ ಕಡೆ ಬಗ್ಗಿದರು.

"ಹೊತ್ತೊತ್ತಿಗೆ ಉಣ್ಲಾ," ಎಂದರು, ಅಷ್ಟೇ. ಮುಖ ಆ ಕಡೆ ತಿರುಗಿಸಿದವರು ಮತ್ತೆ ಈ ಕಡೆ ನೋಡಲಿಲ್ಲ. ಒಂದು ಕೈ ಮಾತ್ರ ಮೇಲೆತ್ತಿ, ಟೆಂಪೋ ದೊಡ್ಡ ರಸ್ತೆಗೆ ತಿರುಗುವವರೆಗೂ ಹಾಗೇ ಹಿಡಿದಿದ್ದರು.