ಸಬ್ ಜೈಲಿನ ಗೋಡೆಗೆ ನಿಂತ ಕುರಿಗಳು

ಆಗೆಲ್ಲ ದೀಪಾವಳಿ ಮುಗಿಯಿತೆಂದರೆ ನಮ್ಮ ಹಟ್ಟಿಯಲ್ಲಿ ಗಂಡಸರೇ ಇರುತ್ತಿರಲಿಲ್ಲ. ಜಗಳೂರು ಸೀಮೆಯ ನೆಲದಲ್ಲಿ ಶೇಂಗಾ ಕಿತ್ತು, ಮೆಕ್ಕೆಜೋಳ ಮುರಿದ ಮೇಲೆ ಕುರಿ ಮೇಯಲು ಏನು ಉಳಿಯುತ್ತದೆ ಹೇಳಿ. ಅಪ್ಪ, ಚಿಕ್ಕಪ್ಪ ಇಬ್ಬರೂ ಹೆಗಲಿಗೆ ಕಂಬಳಿ ಹಾಕಿಕೊಂಡು, ಮಂದೆ ಹೊಡೆದುಕೊಂಡು, ಭತ್ತ ಕೊಯ್ದ ಗದ್ದೆಗಳನ್ನು ಹುಡುಕುತ್ತ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಗೆ ನಡೆದುಬಿಡುತ್ತಿದ್ದರು. ಆ ಕಡೆಯವರು ಗೊಬ್ಬರಕ್ಕೆಂದು ತಮ್ಮ ಗದ್ದೆಯಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಇವತ್ತು ಇವರ ಗದ್ದೆ, ನಾಳೆ ಇನ್ನೊಬ್ಬರದು. ಮುಂಗಾರು ಹನಿಯುವ ಹೊತ್ತಿಗೆ ತಿರುಗಿ ಬಂದರೆ ಬಂದರು. ನಡುವೆ ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದೆಲ್ಲ ಬಸ್ಸಿನ ಕಂಡಕ್ಟರುಗಳ ಬಾಯಿಂದಲೇ ತಿಳಿಯಬೇಕಿತ್ತು.

ಹೊರಡುವ ಮುಂಚಿನ ಒಂದು ಸಂಜೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂಗಳದಲ್ಲಿ ನಾನು ಹುಣಸೆಬೀಜ ಹರಡಿಕೊಂಡು ಕುರಿಯಾಟ ಆಡುತ್ತಿದ್ದೆ. ಬೀಜಗಳೇ ಕುರಿ, ಗಜ್ಜುಗದ ಕಾಯಿಯೇ ಮುಂದೆ ನಡೆಯುವ ಹೋತ. ಆಟದ ಭರದಲ್ಲಿ ಅಪ್ಪನ ಹಾಗೆಯೇ ಗಂಟಲು ಎಳೆದು “ಟುರ್ರ್ಯಾ… ಹೋಯ್” ಎಂದು ಕರೆದೆ. ಕುರಿ ಕಾಯುವವರಲ್ಲಿ ಒಬ್ಬೊಬ್ಬರ ಕರೆ ಒಂದೊಂದು ಥರ. ಒಬ್ಬರ ಮಂದೆ ಇನ್ನೊಬ್ಬರ ಕರೆಗೆ ಕಿವಿಗೊಡುವುದಿಲ್ಲ. ನನ್ನ ಎಳೆ ದನಿಗೆ ಕುರಿಗಳು ಕದಲಲಿಲ್ಲ, ಆದರೆ ನಮ್ಮ ನಿಜವಾದ ಹೋತ ಕೊರಳ ಗಂಟೆ ಆಡಿಸುತ್ತ ಹಿತ್ತಲಿನಿಂದ ಅಂಗಳಕ್ಕೆ ಬಂದು ನನ್ನ ಮುಂದೆ ನಿಂತಿತು.

“ಯಾರೇ ಕರೆದಿದ್ದು?” ಅಪ್ಪ ಒಳಗಿನಿಂದ ಬಂದ.

“ಸುಮ್ನೆ, ಆಟಕ್ಕೆ.”

“ಸುಮ್ನೆ ಕರೀಬಾರದವ್ವ. ಅದು ನಂಬಿ ಬರ್ತೈತೆ. ಬಂದ ಮೇಲೆ ಬಾಯಿಗೆ ಏನಾದ್ರೂ ಇಡ್ಬೇಕು.”

ಹಾಗೆಂದವನು ಒಳಗೆ ಹೋಗಿ ಬೊಗಸೆ ಶೇಂಗಾ ತಂದು ಹೋತಕ್ಕೆ ತಿನ್ನಿಸಿದ. ಅದು ತಿಂದು ಮುಗಿಸುವವರೆಗೂ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ.

ಆ ವರ್ಷ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಕಂಡಕ್ಟರ್ ಒಬ್ಬರು ಹಟ್ಟಿಯ ಹತ್ತಿರ ಬಸ್ಸು ನಿಲ್ಲಿಸಿ ಅಜ್ಜಿಯನ್ನು ಕರೆದರು. “ಯಜಮಾನ್ತಿ, ನಿಮ್ಮ ದೊಡ್ಡ ಮಗನ್ನ ಪೊಲೀಸ್ರು ಹಿಡ್ಕಂಡು ಹೋದ್ರಂತೆ. ಹೊಳೆ ಸೀಮೇಲಿ ಯಾರನ್ನೋ ಹೊಡೆದನಂತೆ. ಅಷ್ಟೇ ಗೊತ್ತು ನೋಡ್ರಿ,” ಎಂದು ಸೀಟಿ ಊದಿ ಹೋಗಿಬಿಟ್ಟರು.

ಅವ್ವ ಆಗ ಬಾಣಂತಿ, ತಮ್ಮ ಹುಟ್ಟಿ ತಿಂಗಳೂ ಆಗಿರಲಿಲ್ಲ. ಹಾಗಾಗಿ ಅಜ್ಜಿಯೇ ಹೊರಟಳು. ಬಸ್ಸಿನ ಬೋರ್ಡು ಓದಲು ಮೂರನೇ ಕ್ಲಾಸಿನ ನಾನು ಜೊತೆಗೆ. ಅವ್ವ ಹಾಸಿಗೆಯಿಂದಲೇ ಎದ್ದು ರೊಟ್ಟಿ ಬಡಿದಳು. ಹುರಿದ ಶೇಂಗಾ ಪುಡಿ, ರೊಟ್ಟಿ, ಅಪ್ಪನ ಒಂದು ಜೊತೆ ಬಟ್ಟೆ, ಎಲ್ಲ ಸೇರಿ ಒಂದು ಗಂಟು.

ಅಜ್ಜಿ ನೆಟ್ಟಗೆ ಹೋದದ್ದು ಜಗಳೂರಿನ ಠಾಣೆಗೆ.

“ಇಲ್ಯಾಕೆ ಇರ್ತಾನಮ್ಮ ನಿನ್ನ ಮಗ?” ಎಂದ ಪೇದೆ.

“ಅವನು ಈ ತಾಲೂಕಿನವನಪ್ಪ. ಇಲ್ಲೇ ಇಡ್ಬೇಕಲ್ಲ. ರೇಷನ್ ಕಾರ್ಡೂ ಇಲ್ಲೇ ಐತೆ.”

ಪೇದೆಗೆ ನಗು ತಡೆಯಲಾಗಲಿಲ್ಲ. ಆದರೂ ಕೂರಿಸಿ, ನೀರು ಕೊಟ್ಟು ತಿಳಿಸಿ ಹೇಳಿದ. ಗಲಾಟೆ ಎಲ್ಲಿ ನಡೆದಿದೆಯೋ ಅಲ್ಲಿಯ ಠಾಣೆ, ಅಲ್ಲಿಯ ಕೋರ್ಟು, ಅಲ್ಲಿಯದೇ ಜೈಲು. “ಗಲಾಟೆ ನಡೆದಿದ್ದು ಯಾವೂರಾಗೆ?” ಎಂದು ಕೇಳಿದ. “ಅದನ್ನ ಕೇಳಾಕೇ ನಾನು ಬಂದಿದ್ದು,” ಎಂದಳು ಅಜ್ಜಿ.

ನಮ್ಮ ಕಷ್ಟ ಇದ್ದದ್ದು ಇಲ್ಲಿಯೇ. ಮನೆ ಇದ್ದವರನ್ನು ಮನೆಯಲ್ಲಿ ಹುಡುಕಬಹುದು. ದಿನಕ್ಕೊಂದು ಗದ್ದೆಯಲ್ಲಿ ಮಲಗುವವರನ್ನು ಎಲ್ಲಿ ಅಂತ ಹುಡುಕುವುದು? ಹಿಂದಿನ ವರ್ಷ ಈ ಹೊತ್ತಿಗೆ ಚನ್ನಗಿರಿ ಕಡೆ ಇದ್ದರೆಂದು ಅಜ್ಜಿಗೆ ನೆನಪಿತ್ತು, ಚನ್ನಗಿರಿ ಬಸ್ಸು ಹತ್ತಿದೆವು. ಅಲ್ಲಿ ಹೋಟೆಲಿನವರನ್ನು, ಲಾರಿಯವರನ್ನು “ಜಗಳೂರಿನ ಮಂದೆ ಹೋಯ್ತೇನ್ರಿ ಈ ದಾರೀಲಿ?” ಎಂದು ಕೇಳುತ್ತ ತಿರುಗಿದೆವು. ಯಾರೂ ಕಂಡಿರಲಿಲ್ಲ. ಆ ರಾತ್ರಿ ಬಸ್ ನಿಲ್ದಾಣದಲ್ಲೇ ಮಲಗಿದೆವು. ಅಪ್ಪನ ಪಾಲಿನ ರೊಟ್ಟಿ ಗಂಟಿನಲ್ಲಿ ಒಣಗುತ್ತಿತ್ತು. ನನಗೆ ಹಸಿವಾದರೂ ಅಜ್ಜಿ ಅದನ್ನು ಬಿಚ್ಚಲಿಲ್ಲ, ಬಾಳೆಹಣ್ಣು ಕೊಡಿಸಿದಳು.

ಮಾರನೇ ದಿನ ಹೊನ್ನಾಳಿಗೆ ಬಂದು, ಅಲ್ಲಿಂದ ನ್ಯಾಮತಿ ರಸ್ತೆಯ ಒಂದು ಚಹಾದಂಗಡಿಯಲ್ಲಿ ಕೇಳಿದಾಗ ಸುಳಿವು ಸಿಕ್ಕಿತು. ಅಂಗಡಿಯವನು ತೋರಿಸಿದ ಬದುವಿನ ಮೇಲೆ ನಡೆದರೆ ದೂರದಿಂದಲೇ ನಮ್ಮ ಹೋತನ ಗಂಟೆ. ಚಿಕ್ಕಪ್ಪ ಒಬ್ಬನೇ ಇದ್ದ, ಗಡ್ಡ ಬಿಟ್ಟುಕೊಂಡು. ಅಜ್ಜಿಯನ್ನು ಕಂಡದ್ದೇ ಅತ್ತುಬಿಟ್ಟ.

“ಊರಿಗೆ ಬಂದು ಹೇಳಾಕೆ ಆಗ್ಲಿಲ್ಲೇನೋ ನಿನಗೆ?”

“ಕುರಿ ಬಿಟ್ಟು ಹೆಂಗ್ ಬರ್ಲಿ ಯವ್ವಾ? ಜೈಲಿನ ಹತ್ರಾನೂ ಹೋಗಾಕೆ ಆಗಿಲ್ಲ.”

ನಡೆದದ್ದು ಇಷ್ಟು. ಕುರಿ ಪಕ್ಕದ ಪೈರಿಗೆ ನುಗ್ಗಿದ್ದವು. ಗದ್ದೆಯವನು ಒಂದು ಕುರಿಯ ಕಾಲು ಮುರಿಯುವ ಹಾಗೆ ಹೊಡೆದ. ಅಪ್ಪ ಕೈಯಲ್ಲಿದ್ದ ಕೋಲನ್ನು ಅವನ ಮೇಲೆ ಬೀಸಿದ. ಗದ್ದೆಯವನ ಮುಂಗೈ ಮುರಿಯಿತು. ಸುಳ್ಳು ಕೇಸಲ್ಲ, ನಮ್ಮಪ್ಪ ಹೊಡೆದದ್ದು ನಿಜ. ಈಗ ಹೊನ್ನಾಳಿಯ ಸಬ್ ಜೈಲಿನಲ್ಲಿದ್ದ.

ಆವತ್ತಿನಿಂದ ನಾವು ಮಂದೆಯ ಹತ್ತಿರವೇ ಉಳಿದೆವು. ಮುಲಾಖತ್ತಿನ ದಿನ ಬಸ್ಸಿಗೆ ಹೋಗಿ ಜೈಲಿನ ಬಾಗಿಲ ಮುಂದೆ ಕೂರುವುದು. ಅಲ್ಲಿ ನಮ್ಮಂಥವರೇ ಇನ್ನೂ ಕೆಲವರು ಸೀರೆ ಸೆರಗು ಹೊದ್ದು ಕುಳಿತಿರುತ್ತಿದ್ದರು. ಯಾರೂ ಯಾರನ್ನೂ “ಏನು ಕೇಸು” ಎಂದು ಕೇಳುತ್ತಿರಲಿಲ್ಲ. “ಎಲ್ಲಿಂದ ಬಂದ್ರಿ” ಅಂತ ಅಷ್ಟೇ.

ವಾರ್ಡರ್ ವಯಸ್ಸಾದ ಮನುಷ್ಯ, ಬಿಸಿಲಲ್ಲೂ ಕೊರಳಿಗೆ ಮಫ್ಲರ್. ನಮ್ಮ ಗಂಟನ್ನು ಬೆತ್ತದ ತುದಿಯಿಂದ ಸರಿಸಿ ನೋಡಿ, “ಬಟ್ಟೆ ಬಿಡ್ತೀನಿ. ಹೊರಗಿನ ಊಟ ಒಳಗೆ ಬಿಡಂಗಿಲ್ಲ ಅಜ್ಜಿ,” ಎಂದರು.

“ಹೊರಗಿನದಲ್ಲ ಸಾಹೇಬ್ರೆ, ಮನೇದು.”

ಪಕ್ಕದಲ್ಲಿ ಕುಳಿತಿದ್ದ ಹೆಂಗಸರು ಮುಸಿಮುಸಿ ನಕ್ಕರು. ವಾರ್ಡರ್ ಕೂಡ ಮುಖ ಆ ಕಡೆ ತಿರುಗಿಸಿಕೊಂಡರು, ರೊಟ್ಟಿಯನ್ನು ಮಾತ್ರ ಬಿಡಲಿಲ್ಲ.

ಜಾಲರಿಯ ಆಚೆ ಅಪ್ಪ ಬಂದು ನಿಂತಾಗ ನನಗೆ ಮೊದಲು ಗುರುತೇ ಸಿಗಲಿಲ್ಲ. ಹೆಗಲ ಮೇಲೆ ಕಂಬಳಿ ಇರಲಿಲ್ಲ. ಕುರಿಯ ವಾಸನೆ ಇರಲಿಲ್ಲ, ಫಿನಾಯಿಲಿನ ವಾಸನೆ. ನನ್ನನ್ನು ಕಂಡು ಮುಖ ತಗ್ಗಿಸಿದ.

“ಮಗೀನ ಯಾಕೆ ಕರ್ಕಂಬಂದೆ?”

“ಬೋರ್ಡು ಓದಾಕೆ ಯಾರಿದ್ರು? ಇರ್ಲಿ, ಉಂಡೆಯಾ?”

“ಕುರಿ?”

“ಐತೆ, ಐತೆ. ಎಲ್ಲಾ ಐತೆ,” ಎಂದಳು ಅಜ್ಜಿ, ಸ್ವಲ್ಪ ಜಾಸ್ತಿಯೇ ಬೇಗ.

ಅಪ್ಪ ಅವಳ ಮುಖವನ್ನೇ ನೋಡಿದ. “ಮಾರಿದ್ರಿ. ಅಲ್ವಾ? ವಕೀಲರಿಗೆ, ಕೋರ್ಟಿಗೆ ಅಂತ.”

“ಇಲ್ಲ ಕಣೋ.”

“ಸುಳ್ಳು ಹೇಳ್ಬೇಡ ಯವ್ವಾ.” ಅಷ್ಟು ಹೇಳಿ ಒಳಗೆ ಹೋಗಿಬಿಟ್ಟ. ಮುಲಾಖತ್ತಿನ ಸಮಯ ಇನ್ನೂ ಉಳಿದಿತ್ತು.

ಮುಂದಿನ ಸಲ ಅವನು ಜಾಲರಿಯ ಹತ್ತಿರಕ್ಕೇ ಬರಲಿಲ್ಲ. ಸರ್ಕಾರದಿಂದ ಕೊಟ್ಟಿದ್ದ ವಕೀಲರು, ಚಿಕ್ಕ ವಯಸ್ಸಿನವರು, ಗೇಟಿನ ಹತ್ತಿರ ಅಜ್ಜಿಯನ್ನು ನಿಲ್ಲಿಸಿ ಹೇಳಿದರು: “ಅಮ್ಮಾ, ನಿಮ್ಮ ಮಗ ವಕಾಲತ್ತಿಗೆ ರುಜು ಹಾಕ್ತಿಲ್ಲ. ಅವನು ಹಾಕಿದ್ರೆ ನಾನು ಜಾಮೀನು ಕೇಳಬಹುದು, ಇಲ್ಲದಿದ್ರೆ ಇಲ್ಲ. ‘ಹೊಡೆದಿದ್ದು ಹೌದು, ಕುರೀನೂ ಹೋದ್ವು, ಇನ್ನು ಹೊರಗೆ ಬಂದು ಏನ್ ಮಾಡಾಕೆ’ ಅಂತಾನೆ. ಊಟಾನೂ ಸರಿಯಾಗಿ ಮಾಡ್ತಿಲ್ಲವಂತೆ.”

ಅಜ್ಜಿ ಬಸ್ಸಿಳಿದು ನೆಟ್ಟಗೆ ಮಂದೆಯ ಹತ್ತಿರ ಬಂದು, ಹೋತನ ಕೊರಳನ್ನು ತಬ್ಬಿ ಕುಳಿತು, ಚಿಕ್ಕಪ್ಪನಿಗೆ ಹೇಳಿದಳು: “ನಾನು ಹೇಳಿದ್ರೆ ಅವನು ನಂಬಂಗಿಲ್ಲ. ನಾಳೆ ಮಂದೆ ಎಬ್ಬಿಸು. ಜೈಲಿನ ಹಿಂದಿನ ರಸ್ತೆಗೆ ಹೋಗಾಣ.”

“ಪೇಟೆ ಒಳಗಾ? ಬೈತಾರೆ ಯವ್ವಾ.”

“ಬೈದ್ರೆ ಬೈಸ್ಕೊಳ್ಳಾಣ.”

ದಾರಿಯಲ್ಲಿ ಒಂದು ಗದ್ದೆಯಲ್ಲಿ ತಂಗಿ, ಮರುದಿನ ಬಿಸಿಲೇರುವ ಮುಂಚೆ ಹೊನ್ನಾಳಿ ಸೇರಿದೆವು. ಜೈಲಿನ ಹಿಂಗೋಡೆ ಒಂದು ಸಣ್ಣ ರಸ್ತೆಗೆ ಅಂಟಿಕೊಂಡಿತ್ತು. ಕಲ್ಲಿನ ಗೋಡೆ, ಮೇಲೆ ಗಾಜಿನ ಚೂರು. ಮಂದೆ ಆ ರಸ್ತೆಗೆ ಇಳಿದಾಗ ಧೂಳೆದ್ದಿತು. ತರಕಾರಿಯವಳು ಬುಟ್ಟಿಯ ಮೇಲೆ ಬೋರಲಾಗಿ ಬಿದ್ದು ಸೊಪ್ಪು ಕಾಯ್ದುಕೊಂಡಳು. ಗಂಟೆ, ಗೊರಸು, ಮರಿಗಳ ಅರಚಾಟ. ಅಷ್ಟು ಸದ್ದಿನಲ್ಲೂ ನಾನು ಗೋಡೆಯ ಕಡೆಗೇ ಕಿವಿ ಇಟ್ಟಿದ್ದೆ. ಒಳಗಿನಿಂದ ಏನೂ ಬರಲಿಲ್ಲ.

ಹೋತ ಗೋಡೆಯ ಪಕ್ಕದಲ್ಲಿ ಹಾದು ಮುಂದೆ ಹೋಯಿತು. ಮುಂದಿನ ಕುರಿಗಳು ದಾಟಿದವು. ಅಜ್ಜಿ ಗೋಡೆಗೆ ಕೈ ಊರಿ ನಿಂತಿದ್ದಳು, ಅವಳ ತುಟಿ ಅಲುಗುತ್ತಿತ್ತು. ಒಳಗೆ ಅಪ್ಪ ಗಂಟೆ ಕೇಳಿಸಿಕೊಂಡೂ ಕರೆಯದೆ ಕೂತಿದ್ದಾನೆ ಎಂದು ನನಗೆ ಅನ್ನಿಸಿತು. ಕೊಡಲು ಕೈಯಲ್ಲಿ ಏನೂ ಇಲ್ಲವಲ್ಲ. ಸುಮ್ಮನೆ ಕರೆಯುವವನಲ್ಲ ಅವನು.

ಹಿಂದಿನ ಕುರಿಗಳೂ ಇನ್ನೇನು ತಿರುವು ದಾಟಬೇಕು. ಆಗ ಗೋಡೆಯ ಆ ಕಡೆಯಿಂದ, ಮೊದಲು ಒಡೆದ ದನಿಯಲ್ಲಿ, ಆಮೇಲೆ ಪೂರಾ ಗಂಟಲಿನಲ್ಲಿ ಬಂತು: “ಟುರ್ರ್ಯಾ… ಹೋಯ್.”

ಹೋತ ನಿಂತಲ್ಲೇ ನಿಂತಿತು. ಮಂದೆಗೆ ಮಂದೆಯೇ ನಿಂತು, ತಿರುಗಿ, ಆ ಕಲ್ಲಿನ ಗೋಡೆಗೆ ಮುಖ ಒತ್ತಿ ಗುಂಪುಗೂಡಿತು. ಚಿಕ್ಕಪ್ಪ ತನ್ನ ಕರೆಯಲ್ಲಿ ಎಷ್ಟು ಕೂಗಿದರೂ ಒಂದೂ ಕದಲಲಿಲ್ಲ. ಆ ಕಡೆ ಎರಡು ಬಸ್ಸು, ಈ ಕಡೆ ಟ್ರ್ಯಾಕ್ಟರು, ಎಲ್ಲ ಹಾರನ್ನು. ಕಂಡಕ್ಟರ್ ಒಬ್ಬ ಬಾಗಿಲಿಗೆ ಜೋತುಬಿದ್ದು, “ಏನ್ರೀ, ಕುರಿಗಳೂ ಮುಲಾಖತ್ತಿಗೆ ಬಂದಾವೇನ್ರಿ?” ಎಂದ.

ಅಜ್ಜಿ ಗಂಟು ಬಿಚ್ಚಿದಳು. ಜೈಲಿನವರು ಒಳಗೆ ಬಿಡದ ಆ ರೊಟ್ಟಿ, ಅವ್ವ ಬಾಣಂತಿ ಮೈಯಲ್ಲಿ ಬಡಿದದ್ದು, ಕಲ್ಲಿನಂತಾಗಿತ್ತು. ಅದನ್ನು ಮುರಿದು ಹೋತನ ಬಾಯಿಗೆ ಇಟ್ಟಳು. ಶೇಂಗಾ ಪುಡಿಯನ್ನು ಅಂಗೈಯಲ್ಲಿ ಹಿಡಿದು ಮರಿಗಳಿಗೆ ನೆಕ್ಕಿಸಿದಳು. ನನಗೂ ಒಂದು ಚೂರು ಕೊಟ್ಟು, “ನೀನೂ ತಿನ್ನಿಸು. ನಿಮ್ಮಪ್ಪ ಕರೆದಾನೆ,” ಎಂದಳು. ಆಮೇಲೆ ಗೋಡೆಯ ಕಡೆ ಮುಖ ಎತ್ತಿ ಗಟ್ಟಿಯಾಗಿ ಹೇಳಿದಳು:

“ತಿಂದ್ವು ಕಣೋ. ಇನ್ನು ಬಿಡು, ಬಸ್ಸು ನಿಂತಾವು.”

ಮತ್ತೆ ಒಳಗಿನಿಂದ ಒಂದು ಸಣ್ಣ ಸಿಳ್ಳೆ ಬಂತು, ಮಂದೆ ಹೊರಡಿಸುವ ಸಿಳ್ಳೆ. ಹೋತ ಗಂಟೆ ಅಲುಗಿಸಿತು, ಕುರಿಗಳು ನಡೆದವು.

ಅಂದು ಮಧ್ಯಾಹ್ನವೇ ಅಪ್ಪ ರುಜು ಹಾಕಿದನಂತೆ. ವಾರ್ಡರ್ ಗೇಟಿಗೆ ಬಂದು ಹೇಳಿದರು, “ಇವತ್ತು ಮುದ್ದೆ ಎರಡು ಸಲ ಕೇಳಿ ಹಾಕಿಸ್ಕೊಂಡ. ಆದ್ರೆ ಅಜ್ಜಿ, ಕೈ ಮುಗಿತೀನಿ, ಇನ್ನೊಂದ್ಸಲ ಕುರಿ ತರಬೇಡಿ.” ಹಟ್ಟಿಯಿಂದ ಸೋದರಮಾವ ಬಂದು ಜಾಮೀನು ನಿಂತ. ಯುಗಾದಿಗೆ ಮುಂಚೆ ಅಪ್ಪ ಹೊರಗೆ ಬಂದ.

ಬಂದವನು ಎಲ್ಲಕ್ಕಿಂತ ಮೊದಲು ಆ ಮುಂಗೈ ಮುರಿಸಿಕೊಂಡ ಗದ್ದೆಯವನ ಮನೆಗೆ ಹೋದ. ಅವನು ಒಳಗೆ ಕರೆಯಲಿಲ್ಲವಂತೆ. ಅಪ್ಪ ಅಂಗಳದಲ್ಲೇ ನಿಂತು ಬಂದ. ಕೇಸು ನಡೆದಷ್ಟೂ ವರ್ಷ ವಾಯಿದೆಗೆ ಹೋಗಿ ಬಂದ. ಕೋಲನ್ನು ಮಾತ್ರ ಮತ್ತೆ ಕೈಯಲ್ಲಿ ಹಿಡಿಯಲಿಲ್ಲ. ಬರೀ ಕರೆಯಿಂದಲೇ ಮಂದೆ ಕಾಯ್ದ.

ಈಗ ಕುರಿಗಳಿಲ್ಲ. ಚಿಕ್ಕಪ್ಪ ಹೋದ ಮೇಲೆ ಮಂದೆ ಒಂದೊಂದಾಗಿ ಕರಗಿತು. ಕೊಯ್ದ ಗದ್ದೆಗಳೂ ಈಗ ಬಿಡುವಾಗಿ ಬಿದ್ದಿರುವುದಿಲ್ಲ. ಜೈಲಿನಲ್ಲಿದ್ದವರೊಂದಿಗೆ ಮೊಬೈಲಿನಲ್ಲಿ ಮುಖ ನೋಡಿ ಮಾತಾಡಬಹುದಂತೆ, ಒಳ್ಳೆಯದೇ ಆಯಿತು. ನಮ್ಮ ಅಜ್ಜಿಯಂತೆ ಊರೂರು ಅಲೆಯುವುದು ಯಾರಿಗೂ ಬೇಡ. ಆದರೂ ಹೊನ್ನಾಳಿಯ ಮೇಲೆ ಬಸ್ಸು ಹಾಯುವಾಗ ನಾನು ಜೈಲಿನ ಕಡೆಯ ಕಿಟಕಿಗೇ ಕೂರುತ್ತೇನೆ, ಕಿವಿ ಇಟ್ಟು.

ಅಪ್ಪ ಈಗ ಜಗಳೂರಿನಲ್ಲಿ ನಮ್ಮ ಜೊತೆಗೇ ಇದ್ದಾನೆ. ಮೊನ್ನೆ ನನ್ನ ಮಗನಿಗೆ ಕೇಳಿಸಬೇಕೆಂದು ಫೋನು ಮುಂದೆ ಹಿಡಿದು, “ಅಪ್ಪಾ, ಆ ಕರೆ ಒಂದ್ಸಲ ಕರಿ, ಇದರಾಗೆ ಹಿಡ್ಕೊಳ್ತೀನಿ,” ಎಂದೆ. ಅವನು ಕತ್ತು ಎತ್ತಿದ, ಗಂಟಲು ಸರಿಮಾಡಿಕೊಂಡ, ತುಟಿಯನ್ನೂ ಕೂಡಿಸಿದ. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

“ಬ್ಯಾಡವ್ವ. ಕರೆದ ಮೇಲೆ, ಬರ್ತಾವೇನೋ ಅಂತ ನಾನು ಬಾಗಿಲು ನೋಡ್ಕೊಂಡು ಕೂರ್ಬೇಕಾಗ್ತೈತೆ.”